ಹೊರುವವರ ಕೈಗವಸು

ವೆಲ್ತಾ ಸಾನ್ ನಡೆಯುತ್ತಲೇ ಹೆಣೆಯುತ್ತಿದ್ದರು. ಜಪಾನಿನ ಒಕಾಜಾಕಿಯಲ್ಲಿ ಸಂಶೋಧನಾ ಸಂಸ್ಥೆಗಳಿರುವುದು ಒಂದು ಗುಡ್ಡದ ಮೇಲೆ. ಅಲ್ಲಿಂದ ಆಸ್ಪತ್ರೆಯ ಬಸ್ಸು ಸಿಗುವ ರಸ್ತೆಯವರೆಗೂ ಇಳಿಜಾರು. ದಿನಾ ಬೆಳಗ್ಗೆ ಆ ಇಳಿಜಾರಿನಲ್ಲಿ ಅವರು ಹೋಗುವುದು ನಮ್ಮ ಅಡುಗೆಮನೆಯ ಕಿಟಕಿಯಿಂದ ಕಾಣುತ್ತಿತ್ತು. ಬೂದು ಕೋಟಿನ ಎಡಜೇಬಿನಲ್ಲಿ ಒಂದು ಉಲ್ಲನ್ ಉಂಡೆ, ಬಲಜೇಬಿನಲ್ಲಿ ಇನ್ನೊಂದು. ಎರಡೂ ಎಳೆಗಳು ಮೇಲೆ ಬಂದು ಎದೆಯ ಮುಂದೆ ಸಣ್ಣ ಕಡ್ಡಿಗಳ ನಡುವೆ ಸೇರಿಕೊಳ್ಳುತ್ತಿದ್ದವು. ಕೈ ತನ್ನ ಪಾಡಿಗೆ ಆಡುತ್ತಿತ್ತು, ಕಣ್ಣು ರಸ್ತೆಯ ಮೇಲಿರುತ್ತಿತ್ತು. ಹಳದಿ ಟೋಪಿ ಹಾಕಿಕೊಂಡ ಶಾಲೆಯ ಮಕ್ಕಳು ಬದಿಗೆ ಸರಿದು, ಏನೋ ದೊಡ್ಡದೊಂದು ವಾಹನ ಹೋಗುತ್ತಿದೆ ಎನ್ನುವ ಹಾಗೆ ಅವರಿಗೆ ದಾರಿ ಬಿಡುತ್ತಿದ್ದರು.

ಅರವತ್ತರ ಹತ್ತಿರದ ವಯಸ್ಸು, ಎತ್ತರದ ಆಳು, ಅಗಲವಾದ ಕೆಂಪು ಕೈಗಳು. ಹೆಸರಿನ ಜೊತೆಯ ‘ಸಾನ್’ ಜಪಾನಿನವರ ಗೌರವದ ಮಾತು, ಅವರ ದೇಶ ಲಾತ್ವಿಯಾ. ಆ ಹೆಸರನ್ನು ನಾನು ಕೇಳಿದ್ದೇ ಅವರಿಂದ. ಅವರ ಗಂಡ ಯಾನಿಸ್ ಭೌತವಿಜ್ಞಾನಿ, ಒಂದು ವರ್ಷದ ಮಟ್ಟಿಗೆ ಅತಿಥಿಯಾಗಿ ಬಂದಿದ್ದವರು. ನನ್ನ ಗಂಡ ಶ್ರೀಧರ್ ಪೋಸ್ಟ್‌ಡಾಕ್ ಮಾಡುತ್ತಿದ್ದ ಪ್ರಯೋಗಾಲಯವೇ ಅವರದೂ. ಸಂಶೋಧಕರ ವಸತಿಗೃಹದಲ್ಲಿ ನಾವು ಎರಡನೆಯ ಮಹಡಿ, ಅವರು ನಮ್ಮ ಕೆಳಗೆ.

ಅದು ಕಂಪ್ಯೂಟರುಗಳು ಎರಡು ಸಾವಿರದ ಇಸವಿಯನ್ನು ದಾಟುತ್ತವೋ ಇಲ್ಲವೋ ಎಂದು ಲೋಕವೆಲ್ಲ ಹೆದರಿದ್ದ ವರ್ಷ. ಮದುವೆಗೆ ಮುಂಚೆ ನಾನು ಬೆಂಗಳೂರಿನ ಒಂದು ಕಂಪನಿಯಲ್ಲಿ ಅದೇ ಕೆಲಸ ಮಾಡುತ್ತಿದ್ದೆ. ಹಳೆಯ ಪ್ರೋಗ್ರಾಮುಗಳಲ್ಲಿ ಎರಡಂಕಿಯ ಇಸವಿ ಹುಡುಕಿ ನಾಲ್ಕಂಕಿ ಮಾಡುವುದು. ನನ್ನ ಜೊತೆಯವರೆಲ್ಲ ಅದೇ ವಿದ್ಯೆ ಹಿಡಿದುಕೊಂಡು ಟೋಕಿಯೋಗೆ ಬಂದು ಫುನಾಬೊರಿಯಲ್ಲಿ ಮನೆ ಮಾಡಿದ್ದರು. ನಾನು ಕೆಲಸ ಬಿಟ್ಟು ಶ್ರೀಧರ್ ಜೊತೆ ಒಕಾಜಾಕಿಗೆ ಬಂದೆ. ಬಂದ ಸ್ವಲ್ಪ ದಿನಕ್ಕೇ ಬಸುರಿ ಎಂದು ತಿಳಿಯಿತು. ವಾಕರಿಕೆ, ಚಳಿ, ಬಾರದ ಭಾಷೆ, ಇವಿಷ್ಟರ ನಡುವೆ ದಿನವಿಡೀ ಒಬ್ಬಳೇ ಇರುತ್ತಿದ್ದೆ.

ಆ ಶರತ್ಕಾಲದಲ್ಲಿ ಯಾನಿಸ್ ಪ್ರಯೋಗಾಲಯದ ಓಣಿಯಲ್ಲಿ ಕುಸಿದು ಬಿದ್ದರು. ಮೆದುಳಿನಲ್ಲಿ ರಕ್ತಸ್ರಾವವಾಗಿತ್ತು. ಆಮೇಲೆ ಅವರು ಕಣ್ಣು ಬಿಡಲಿಲ್ಲ. ಯಂತ್ರ ಉಸಿರಾಡಿಸುತ್ತಿತ್ತು. ಶ್ರೀಧರ್ ಹೇಳಿದ ಮೇಲೆ ಉಪ್ಪಿಟ್ಟು ಮಾಡಿಕೊಂಡು ಕೆಳಗೆ ಹೋಗಿ ಬಾಗಿಲು ತಟ್ಟಿದೆ. ವೆಲ್ತಾ ಸಾನ್ ಒಂದು ಚಮಚ ಬಾಯಿಗಿಟ್ಟುಕೊಂಡು, ಎದ್ದು ಹೋಗಿ ಜಾಮ್ ಬಾಟಲಿ ತಂದು ಅದರ ಮೇಲೆ ಸುರಿದುಕೊಂಡರು.

"ಇದು ನಮ್ಮ ರವೆ ಗಂಜಿ. ಉಪ್ಪು ಹಾಕಿ ಯಾಕೆ ಕೆಡಿಸಿದೆ?" ಎಂದರು.

ನಮ್ಮಿಬ್ಬರ ನಡುವೆ ಇದ್ದದ್ದು ಮುರುಕು ಇಂಗ್ಲಿಷ್. ಅವರು ಹೇಳಿದ್ದನ್ನು ನಾನಿಲ್ಲಿ ಕನ್ನಡದಲ್ಲೇ ಬರೆಯುತ್ತಿದ್ದೇನೆ. ನನ್ನ ಹೆಸರು ಜಯಶ್ರೀ. ಅಂಚೆಪೆಟ್ಟಿಗೆಯ ಮೇಲಿನ ಇಂಗ್ಲಿಷ್ ಅಕ್ಷರಗಳನ್ನು ಅವರು ತಮ್ಮ ಭಾಷೆಯ ಪ್ರಕಾರ ಓದಿ ‘ಯಯಶ್ರೀ’ ಎಂದು ಮಾಡಿದ್ದರು. ಕ್ರಮೇಣ ಅದೂ ಉದ್ದವೆನಿಸಿ ‘ಯಯಾ’ ಆಯಿತು.

ಕೈಗವಸು ಹೆಣೆಯುವುದನ್ನು ಕಲಿಸಿಕೊಡಿ ಎಂದು ನಾನೇ ಕೇಳಿದೆ. ಅಮ್ಮನ ಹತ್ತಿರ ಸ್ವೆಟರ್ ಹಾಕುವುದನ್ನು ಅಷ್ಟಿಷ್ಟು ಕಲಿತಿದ್ದೆ, ಎರಡು ಕಡ್ಡಿಯದು. ವೆಲ್ತಾ ಸಾನ್ ನನ್ನ ಕೈಗೆ ಐದು ಕಡ್ಡಿ ಕೊಟ್ಟರು, ಊದುಬತ್ತಿಯ ಕಡ್ಡಿಯಷ್ಟು ಸಣ್ಣವು. ನಾಲ್ಕರ ಮೇಲೆ ಕುಣಿಕೆಗಳು ಚೌಕವಾಗಿ ಕೂತಿರುತ್ತವೆ, ಐದನೆಯದರಿಂದ ಸುತ್ತ ಹೆಣೆಯುತ್ತ ಹೋಗಬೇಕು. ಎರಡು ಬಣ್ಣದ ಎಳೆ ಒಟ್ಟಿಗೆ ನಡೆಯಬೇಕು. ಒಂದು ಮುಂದೆ ಬಂದಾಗ ಇನ್ನೊಂದು ಹಿಂದೆ ಅಡಗಬೇಕು. ಹೆಬ್ಬೆರಳಿಗೊಂದು ಮನೆ, ಉಳಿದ ನಾಲ್ಕು ಬೆರಳಿಗೆ ಒಟ್ಟಾಗಿ ಒಂದು ಮನೆ, ತುದಿ ಮೊನಚು. ಅಂಗೈಯ ಮೇಲೂ ಹಿಂಗೈಯ ಮೇಲೂ ಎಂಟು ಮೊನೆಯ ನಕ್ಷತ್ರಗಳು. ಕತ್ತಲಲ್ಲಿ ಹೊರಟವರಿಗೆ ಆ ನಕ್ಷತ್ರ ಕಾವಲು ಎಂದು ಅವರ ಕಡೆ ನಂಬಿಕೆ.

ಮಧ್ಯಾಹ್ನ ಆಸ್ಪತ್ರೆಯಿಂದ ಬಂದವರು ನನ್ನ ಮುಂದೆ ಕೂತು ತಮ್ಮದನ್ನು ಹೆಣೆಯುತ್ತಿದ್ದರು. ಬೈಯುತ್ತಿರಲಿಲ್ಲ, ಹೊಗಳುತ್ತಲೂ ಇರಲಿಲ್ಲ. ನಾನು ಎಲ್ಲೋ ಒಂದು ಕಡೆ ಬೂದಿನ ಬದಲು ಕೆಂಪು ಹಾಕಿದ್ದರೆ ನನ್ನ ಕೈಯಿಂದ ತೆಗೆದುಕೊಂಡು, ಕಡ್ಡಿ ಎಳೆದು, ಸರ್ರೆಂದು ಬಿಚ್ಚಿ, "ಮತ್ತೆ" ಎಂದು ಹಿಂದಕ್ಕೆ ಕೊಡುತ್ತಿದ್ದರು. ಒಂದು ಸಾರಿ ನನಗೆ ಅಳುವೇ ಬಂತು.

"ಅಷ್ಟು ಸಣ್ಣ ತಪ್ಪು ಯಾರಿಗೆ ಕಾಣುತ್ತೆ?" ಎಂದೆ.

"ಯಾರಿಗೂ ಕಾಣಲ್ಲ. ಮತ್ತೆ."

ಅವರದು ಒಂದು ಜೋಡಿ ಮುಗಿದ ಕೂಡಲೇ ಇನ್ನೊಂದು ಶುರುವಾಗುತ್ತಿತ್ತು. ಎಲ್ಲವೂ ಗಂಡಸರ ಕೈಯ ಅಳತೆಯವು. ಯಾನಿಸ್ ಎದ್ದ ಮೇಲೆ ಹಾಕಿಕೊಳ್ಳಲಿ ಎಂದು ಮಾಡುತ್ತಿದ್ದಾರೆ ಎಂದುಕೊಂಡಿದ್ದೆ. ನನ್ನ ಕೈಯಲ್ಲಿದ್ದದ್ದೂ ಅದೇ ಅಳತೆ. ಡಿಸೆಂಬರಿನ ಒಂದು ಮಧ್ಯಾಹ್ನ ಕೇಳಿಯೇಬಿಟ್ಟೆ, "ಒಬ್ಬರಿಗೆ ಇಷ್ಟೊಂದು ಯಾಕೆ?"

"ಅವನಿಗಲ್ಲ. ಅವನನ್ನು ಹೊರುವವರಿಗೆ" ಎಂದರು.

ನನಗೆ ಅರ್ಥವಾಗಲಿಲ್ಲ. ಅವರು ಕೈ ನಿಲ್ಲಿಸದೆ ಹೇಳಿದರು. ಅವರ ಹಳ್ಳಿಯಲ್ಲಿ ಸತ್ತವರ ಪೆಟ್ಟಿಗೆ ಹೊತ್ತವರಿಗೂ ಗುಂಡಿ ತೋಡಿದವನಿಗೂ ಮನೆಯವರು ಕೈಗವಸು ಕೊಡಬೇಕು. ಅಲ್ಲಿಯ ಹೆಂಗಸರು ಅವನ್ನು ಮೊದಲೇ ಹೆಣೆದು ಪೆಟಾರಿಯಲ್ಲಿ ಇಟ್ಟಿರುತ್ತಾರೆ. "ನನ್ನ ಪೆಟಾರಿ ಊರಲ್ಲಿದೆ. ಇಲ್ಲಿ ಏನೂ ಇಲ್ಲ. ಅದಕ್ಕೇ ಮಾಡಬೇಕು."

"ಬಿಡ್ತು ಅನ್ನಿ" ಎಂದುಬಿಟ್ಟೆ, ಕನ್ನಡದಲ್ಲೇ.

ಹಾಗೆಂದರೇನು ಎಂದು ಕೇಳಿದರು. ಕೆಟ್ಟ ಮಾತು ಬಾಯಿಂದ ಬಂದರೆ ಅದು ನಡೆಯದಿರಲಿ ಅಂತ ಹೀಗನ್ನುತ್ತೇವೆ ಎಂದು ವಿವರಿಸಿದೆ. ವೆಲ್ತಾ ಸಾನ್ ತಲೆದೂಗಿದರು.

"ನಮ್ಮಲ್ಲೂ ಇದೆ. ಮರ ಕುಟ್ಟುತ್ತೇವೆ. ಅವನು ಬಿದ್ದಾಗಿನಿಂದ ದಿನಾ ಕುಟ್ಟಿದೆ. ಈಗ ನಿಲ್ಲಿಸಿದ್ದೇನೆ. ಡಾಕ್ಟರು ಏನನ್ನುತ್ತಾರೆ ಗೊತ್ತಲ್ಲ, ಮುಜುಕಾಶೀ."

ಮುಜುಕಾಶೀ ಎಂದರೆ ಕಷ್ಟ. ಆಗುವುದಿಲ್ಲ ಎನ್ನಬೇಕಾದ ಕಡೆ ಜಪಾನಿನವರು ಅನ್ನುವುದು ಅದನ್ನೇ. ನರ್ಸುಗಳು ಮಾತ್ರ ಅವರನ್ನು ಕಂಡಾಗಲೆಲ್ಲ ‘ಗಾಂಬಾತ್ತೆ’ ಎನ್ನುತ್ತಿದ್ದರು, ಧೈರ್ಯವಾಗಿರಿ, ಬಿಡಬೇಡಿ ಎಂದು. ವೆಲ್ತಾ ಸಾನ್ ಅದಕ್ಕೆ ಬಗ್ಗಿ ನಮಸ್ಕರಿಸಿ ಹೆಣಿಗೆ ಮುಂದುವರಿಸುತ್ತಿದ್ದರು.

ಆ ವಾರ ಫೋನಿನಲ್ಲಿ ಅಮ್ಮನಿಗೆ ಇದನ್ನೆಲ್ಲ ಹೇಳಿದೆ. ಮೈಸೂರಿನಿಂದ ಅಮ್ಮನ ದನಿ ಏರಿತು.

"ಹೆಣಕ್ಕೆ ಅಂತ ಮಾಡೋದನ್ನ ನೀನು ಮಡಿಲಲ್ಲಿಟ್ಕೊಂಡು ಹೆಣೀತಿದೀಯೇನೇ? ಹೊಟ್ಟೇಲಿ ಮಗು ಇದೆ ಕಣೆ. ಆಯಮ್ಮನ ಕಷ್ಟ ದೊಡ್ಡದು, ಇಲ್ಲ ಅನ್ನಲ್ಲ. ಆದ್ರೆ ನೀನು ಹೋಗ್ಬೇಡ."

ನಾಲ್ಕೈದು ದಿನ ಹೋಗಲಿಲ್ಲ. ಅರ್ಧ ಹೆಣೆದದ್ದು ಮೇಜಿನ ಮೇಲಿತ್ತು. ಬೆಳಗ್ಗೆ ಕಿಟಕಿಯಿಂದ ಅವರು ಇಳಿದು ಹೋಗುವುದು ಕಾಣಿಸುತ್ತಿತ್ತು, ಮಧ್ಯಾಹ್ನ ಹತ್ತಿ ಬರುವುದು. ಕೆಳಗಿನ ಮನೆಯಲ್ಲಿ ಒಬ್ಬರೇ ಕುರ್ಚಿ ಎಳೆದುಕೊಳ್ಳುವ ಸದ್ದು ಕೇಳಿಸುತ್ತಿತ್ತು. ಕೊನೆಗೆ ತಡೆಯಲಾರದೆ ಕಡ್ಡಿಗಳನ್ನು ತೆಗೆದುಕೊಂಡು ಹೋದೆ. ಯಾಕೆ ಬರಲಿಲ್ಲ ಎಂದು ಅವರು ಕೇಳಲಿಲ್ಲ. ನನ್ನ ಹೊಟ್ಟೆ ನೋಡಿ, "ಇವು ಬೇಡವಾದರೆ ಬೇಡ. ಸುಮ್ಮನೆ ಕೂರು" ಎಂದರು. ನಾನು ಕೂತು ಹೆಬ್ಬೆರಳಿನ ಮನೆ ಶುರುಮಾಡಿದೆ. ಅಮ್ಮನಿಗೆ ಮತ್ತೆ ಹೇಳಲಿಲ್ಲ.

ಡಿಸೆಂಬರಿನ ಕೊನೆಯ ದಿನ ಅವರ ಜೊತೆ ನಾನೂ ಆಸ್ಪತ್ರೆಗೆ ಹೋದೆ. ಇಸವಿ ಬದಲಾಗುವ ಗಳಿಗೆಯಲ್ಲಿ ಏನಾಗುವುದೋ ಎಂದು ಒಕಾಜಾಕಿಯ ಜನವೂ ನೀರು, ಬ್ಯಾಟರಿ ಕೂಡಿಟ್ಟುಕೊಂಡಿದ್ದರು. ಯಾನಿಸ್ ಮಲಗಿದ್ದ ಕೋಣೆಯಲ್ಲಿ, ಯಂತ್ರ ನಿಂತರೆ ಕೈಯಿಂದ ಒತ್ತಿ ಗಾಳಿ ಕೊಡುವ ರಬ್ಬರ್ ಚೀಲವೊಂದನ್ನು ನರ್ಸು ಹಾಸಿಗೆಗೆ ತಗಲಿಹಾಕಿ ಹೋದಳು. ವೆಲ್ತಾ ಸಾನ್ ಅದನ್ನು ನೋಡಿದರು, ಆಮೇಲೆ ನನ್ನನ್ನು.

"ಯಯಾ, ನಿನಗೆ ಕಂಪ್ಯೂಟರ್ ಗೊತ್ತು. ನಿನ್ನ ಕೆಲಸವೇ ಅದಾಗಿತ್ತು. ಇವತ್ತು ಈ ಯಂತ್ರ ನಿಲ್ಲುತ್ತಾ?"

ನನಗೆ ಆ ಊರಿನಲ್ಲಿ ಗೊತ್ತಿದ್ದ ಒಂದೇ ವಿಷಯವನ್ನು ಯಾರೋ ಮೊದಲ ಸಾರಿ ಕೇಳಿದ್ದರು. ಉತ್ಸಾಹದಿಂದಲೇ ಹೇಳಿದೆ. "ಇಲ್ಲ, ಹೆದರಬೇಡಿ. ಈ ಯಂತ್ರಕ್ಕೆ ಇವತ್ತು ಯಾವ ಇಸವಿ ಅನ್ನೋದು ಬೇಕಾಗೇ ಇಲ್ಲ. ಅದು ನೋಡೋದು ಉಸಿರನ್ನ ಮಾತ್ರ. ಖಂಡಿತ ನಿಲ್ಲಲ್ಲ."

"ಖಂಡಿತ?"

"ಖಂಡಿತ."

ಅವರು ನಿಟ್ಟುಸಿರು ಬಿಡುತ್ತಾರೆ, ನಗುತ್ತಾರೆ ಎಂದುಕೊಂಡಿದ್ದೆ. ಅವರು ಗಂಡನ ಮುಖದ ಕಡೆ ತಿರುಗಿ ತಮ್ಮ ಭಾಷೆಯಲ್ಲಿ ಏನೋ ಹೇಳಿದರು, ಕೆಟ್ಟ ಸುದ್ದಿಯೊಂದನ್ನು ತಿಳಿಸುವವರ ಹಾಗೆ. ಆಗ ನನಗೆ ಹೊಳೆಯಿತು, ಅವರು ಕೇಳಿದ್ದು ಭಯದಿಂದ ಅಲ್ಲ. ಯಾರ ಕೈಯೂ ಮುಟ್ಟದೆ, ಯಾರೂ ನಿರ್ಧಾರ ಮಾಡದೆ ಯಂತ್ರ ತಾನಾಗಿ ನಿಲ್ಲುವುದಕ್ಕೆ ಇದ್ದ ಒಂದು ದಾರಿ ಆ ರಾತ್ರಿ. ಅದಕ್ಕಾಗಿ ಎಷ್ಟು ದಿನದಿಂದ ಕಾಯುತ್ತಿದ್ದರೋ. ಹೊಸವರ್ಷದ ಬೆಳಗ್ಗೆ ಹೋದಾಗ ಯಂತ್ರ ನಡೆಯುತ್ತಿತ್ತು. ಯಾನಿಸ್ ಎದೆ ಏರಿ ಇಳಿಯುತ್ತಿತ್ತು.

ಫೆಬ್ರವರಿಯಲ್ಲಿ ಜ್ವರ ಬಂದು ಯಾನಿಸ್ ತೀರಿಕೊಂಡರು. ದೇಹವನ್ನು ಅಷ್ಟು ದೂರ ಸಾಗಿಸುವುದು ಆಗದ ಮಾತು, ಇಲ್ಲೇ ದಹನ ಎಂದು ತೀರ್ಮಾನವಾಯಿತು. ಪ್ರಯೋಗಾಲಯದ ಪ್ರೊಫೆಸರ್ ಮೋರಿ ಸಾನ್, ಅವರ ಇಬ್ಬರು ವಿದ್ಯಾರ್ಥಿಗಳು ಮತ್ತು ಶ್ರೀಧರ್ ಪೆಟ್ಟಿಗೆ ಹೊರುವುದೆಂದಾಯಿತು. ಬಸುರಿಯ ಗಂಡ ಹೆಣ ಹೊರಬಾರದು ಎನ್ನುವುದು ನಮ್ಮಿಬ್ಬರಿಗೂ ಗೊತ್ತಿತ್ತು.

"ರೀ, ಹೇಗೆ ಹೋಗ್ತೀರಿ?" ಎಂದೆ.

"ಊರಲ್ಲಾಗಿದ್ರೆ ಅಮ್ಮ ಬಿಡ್ತಾನೇ ಇರ್ಲಿಲ್ಲ. ಇಲ್ಲಿ ಇನ್ಯಾರಿದಾರೆ ಹೇಳು? ಮೋರಿ ಸಾನ್ ಡೈರೆಕ್ಟಾಗಿ ನನ್ನನ್ನೇ ಕೇಳಿದ್ರು. ಹೌ ಕ್ಯಾನ್ ಐ ಸೇ ನೋ?"

"ಭಯ ಆಗಲ್ವಾ?"

"ಆಗುತ್ತೆ" ಎಂದು ಶೂ ಕಟ್ಟಿಕೊಂಡರು.

ವೆಲ್ತಾ ಸಾನ್ ಒಂದು ಚೀಲ ತಂದಿದ್ದರು. ನಾಲ್ವರಿಗೂ ಒಂದೊಂದು ಜೋಡಿ ಕೊಟ್ಟರು. ಮೋರಿ ಸಾನ್ ಎರಡೂ ಕೈಯಲ್ಲಿ ತೆಗೆದುಕೊಂಡು ಬಗ್ಗಿದರು. ಶ್ರೀಧರ್‌ಗೆ ಬಂದದ್ದು ನಾನು ಹೆಣೆದ ಜೋಡಿ. ಅದರ ಒಂದು ಹೆಬ್ಬೆರಳು ಸೊಟ್ಟಗಿತ್ತು. ಅದನ್ನು ಮಾತ್ರ ಅವರು ಬಿಚ್ಚಿರಲಿಲ್ಲ, ಸಮಯವಿಲ್ಲ ಎಂದಿದ್ದರು. ನಾಲ್ವರೂ ಆ ನಕ್ಷತ್ರದ ಕೈಗಳಿಂದ ಪೆಟ್ಟಿಗೆ ಎತ್ತಿ ಗಾಡಿಗೆ ಇಟ್ಟರು.

ದಹನಶಾಲೆಗೆ ನಾನೂ ಹೋದೆ. ಅಮೃತಶಿಲೆಯ ನೆಲ, ಸಾಲಾಗಿ ಉಕ್ಕಿನ ಬಾಗಿಲುಗಳು, ಎಲ್ಲೂ ಹೊಗೆಯಿಲ್ಲ. ಕಪ್ಪು ಸಮವಸ್ತ್ರ, ಬಿಳಿ ಕೈಗವಸು ತೊಟ್ಟ ಒಬ್ಬ ನೌಕರ ಪೆಟ್ಟಿಗೆಯನ್ನು ಒಳಗೆ ಸರಿಸಿ, ಬಾಗಿಲು ಮುಚ್ಚಿ, ತಲೆಬಾಗಿ ನಿಂತ. ವೆಲ್ತಾ ಸಾನ್ ಚೀಲದಿಂದ ಉಳಿದ ಒಂದು ಜೋಡಿಯನ್ನು ತೆಗೆದರು. ಗುಂಡಿ ತೋಡುವವನಿಗೆಂದು ಮಾಡಿದ್ದು. ಅಷ್ಟೂ ಜೋಡಿಗಳಲ್ಲಿ ಅದೇ ಚೆಂದ. ಅದರ ಅಂಚಿಗೆ ಗೊಂಡೆ ಕೂಡಿಸಲು ಅವರು ಎಷ್ಟೋ ಮಧ್ಯಾಹ್ನ ಕಳೆದಿದ್ದರು. ಅದನ್ನು ಆತನ ಮುಂದೆ ಹಿಡಿದರು.

ಆತ, "ಸುಮಿಮಾಸೆನ್" ಎಂದು ಕ್ಷಮೆ ಕೇಳಿ ಬಗ್ಗಿದ. ತೆಗೆದುಕೊಳ್ಳಲಿಲ್ಲ.

ಅವರು ಇನ್ನೂ ಮುಂದಕ್ಕೆ ಚಾಚಿದರು. ಆತ ಇನ್ನೂ ಕೆಳಗೆ ಬಗ್ಗಿದ. ಮೋರಿ ಸಾನ್ ಹತ್ತಿರ ಹೋಗಿ ಮೆಲುದನಿಯಲ್ಲಿ ಮಾತಾಡಿ ಬಂದರು. ಇಲ್ಲಿ ಕೆಲಸ ಮಾಡುವವರು ಯಾರಿಂದಲೂ ಏನೂ ತೆಗೆದುಕೊಳ್ಳುವಂತಿಲ್ಲ, ನಿಯಮ ಎಂದರು.

"ನನ್ನ ಕೆಲಸ ಚೆನ್ನಾಗಿಲ್ಲವಾ?" ವೆಲ್ತಾ ಸಾನ್ ಕೇಳಿದರು.

"ಹಾಗಲ್ಲ, ತುಂಬಾ ಚೆನ್ನಾಗಿದೆ."

"ಅವನಿಗೂ ಕೈ ಇದೆ. ಹೊರಗೆ ಚಳಿ ಇದೆ."

ನೌಕರ ಬಗ್ಗಿಯೇ ಇದ್ದ. ತಾವು ಅಲ್ಲಿಂದ ಸರಿಯದೆ ಆತ ತಲೆ ಎತ್ತುವುದಿಲ್ಲ ಎಂದು ತಿಳಿದಾಗ ವೆಲ್ತಾ ಸಾನ್ ಆ ಜೋಡಿಯನ್ನು ಚೀಲಕ್ಕೆ ಹಾಕಿಕೊಂಡರು. ದಹನ ಮುಗಿದ ಮೇಲೆ, ಜಪಾನಿನ ಪದ್ಧತಿಯಂತೆ, ಮೋರಿ ಸಾನ್ ತೋರಿಸಿಕೊಟ್ಟ ಹಾಗೆ ಉದ್ದನೆಯ ಕಡ್ಡಿಗಳಿಂದ ಗಂಡನ ಮೂಳೆಗಳನ್ನು ಎತ್ತಿ ಕುಡಿಕೆಗೆ ತುಂಬಿದರು. ಕಡ್ಡಿ ಹಿಡಿದು ಪಳಗಿದ ಆ ಕೈಯಿಂದ ಅಂದು ಒಂದೆರಡು ತುಂಡು ಜಾರಿ ಬಿದ್ದವು.

ಶ್ರೀಧರ್ ಮನೆಗೆ ಬಂದು ತಮ್ಮ ಜೋಡಿಯನ್ನು ಬಾಗಿಲಾಚೆ ಚಪ್ಪಲಿ ಗೂಡಿನ ಮೇಲಿಟ್ಟು ಸ್ನಾನಕ್ಕೆ ಹೋದರು. ಒಳಗೆ ತರುವುದೋ ಬಿಡುವುದೋ ಎಂದು ನಾವು ಮಾತಾಡಿಕೊಳ್ಳಲಿಲ್ಲ. ಕೆಲವು ದಿನ ಅಲ್ಲೇ ಇದ್ದವು. ಒಂದು ದಿನ ಜೋರು ಗಾಳಿ ಬೀಸಿದ ಮೇಲೆ ಒಂದು ಕಾಣೆಯಾಯಿತು. ಇನ್ನೊಂದನ್ನು ಏನು ಮಾಡಿದೆವೋ ನೆನಪಿಲ್ಲ. ನಮಗೆ ಮಗಳು ಹುಟ್ಟಿದಳು, ಆರೋಗ್ಯವಾಗಿದ್ದಾಳೆ. ಅದನ್ನು ತಿಳಿಸಲು ನನ್ನ ಬಳಿ ವೆಲ್ತಾ ಸಾನ್ ವಿಳಾಸವಿರಲಿಲ್ಲ. ಆ ಪೆಟಾರಿ ಇರುವ ಮನೆಯಲ್ಲಿ ಈಗ ಯಾರೂ ಇಲ್ಲ, ರಾಜಧಾನಿ ರೀಗಾದಲ್ಲಿ ಎಲ್ಲಿ ಇರುತ್ತೇನೋ ಗೊತ್ತಿಲ್ಲ ಎಂದಷ್ಟೇ ಅವರು ಹೇಳಿದ್ದರು. ಮೋರಿ ಸಾನ್‌ಗೂ ಮುಂದೆ ಸುದ್ದಿ ಬರಲಿಲ್ಲ. ನಾನು ಮತ್ತೆ ಐದು ಕಡ್ಡಿ ಹಿಡಿಯಲಿಲ್ಲ.

ಅವರನ್ನು ಕೊನೆಯ ಸಾರಿ ಕಂಡದ್ದು ಮಾರ್ಚಿನಲ್ಲಿ, ಹಿಗಾಶಿ ಒಕಾಜಾಕಿ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ. ಮೋರಿ ಸಾನ್ ಅವರನ್ನು ನಗೋಯಾದ ವಿಮಾನ ನಿಲ್ದಾಣಕ್ಕೆ ಬಿಟ್ಟು ಬರುವವರಿದ್ದರು. ಬಿಳಿ ಬಟ್ಟೆಯಲ್ಲಿ ಸುತ್ತಿದ ಕುಡಿಕೆಯ ಪೆಟ್ಟಿಗೆಯನ್ನು ವೆಲ್ತಾ ಸಾನ್ ಎದೆಗವಚಿ ಹಿಡಿದಿದ್ದರು. ರೈಲು ಬಂತು. ನನಗೆ ಬೇರೇನೂ ತೋಚದೆ, ಹೊಟ್ಟೆ ಹಿಡಿದುಕೊಂಡು ನಿಧಾನ ಬಗ್ಗಿ ಅವರ ಕಾಲು ಮುಟ್ಟಲು ಹೋದೆ. ಅವರಿಗೆ ಅದು ಏನೆಂದು ಗೊತ್ತಿರಲಿಲ್ಲ. ನನ್ನದೇನೋ ಕೆಳಗೆ ಬಿತ್ತು ಎಂದುಕೊಂಡು, ಪೆಟ್ಟಿಗೆಯನ್ನು ಒಂದು ಕೈಗೆ ಬದಲಿಸಿಕೊಂಡು, ಅವರೂ ನನ್ನ ಪಕ್ಕದಲ್ಲೇ ಬಗ್ಗಿ ನೆಲದಲ್ಲಿ ಹುಡುಕತೊಡಗಿದರು.

"ಏನು ಬಿತ್ತು, ಯಯಾ?"

"ಏನೂ ಇಲ್ಲ" ಎಂದೆ.

ಅವರು ನಂಬಲಿಲ್ಲ. ಮೋರಿ ಸಾನ್ ಕರೆದ ಮೇಲೆ ಎದ್ದು ರೈಲು ಹತ್ತಿದರು. ಬಾಗಿಲು ಮುಚ್ಚಿತು. ರೈಲು ಹೊರಟಾಗಲೂ ಅವರು ಗಾಜಿನಾಚೆಯಿಂದ ನನ್ನ ಕಾಲಬಳಿಯ ನೆಲವನ್ನೇ ನೋಡುತ್ತಿದ್ದರು.