ಅರಿಸಿನ ಹಚ್ಚಿದ ಅಂಗೈ

ಎರಡು ವರ್ಷಗಳ ಹಿಂದಿನ ಜನವರಿಯ ಹೊತ್ತಿಗೆ ನಾನು ಅಮೆರಿಕದ ಆನ್ ಆರ್ಬರ್‌ನ ಕ್ಲಿನಿಕ್ ಒಂದರಲ್ಲಿ ಆಕ್ಯುಪೇಶನಲ್ ಥೆರಪಿಸ್ಟ್ ಆಗಿ ಹದಿನೆಂಟು ವರ್ಷ ಪೂರೈಸಿದ್ದೆ. ಅಪಘಾತ ಅಥವಾ ಕಾಯಿಲೆಯ ನಂತರ ದಿನನಿತ್ಯದ ಕೆಲಸಗಳನ್ನು ಮತ್ತೆ ತಾವೇ ಮಾಡಿಕೊಳ್ಳಲು ಜನರಿಗೆ ಕಲಿಸುವುದು ನಮ್ಮ ವೃತ್ತಿ.

ಹೊರಗೆ ಹತ್ತು ಡಿಗ್ರಿ ಫ್ಯಾರನ್‌ಹೀಟ್, ಅಂದರೆ ನೀರು ಹೆಪ್ಪುಗಟ್ಟುವಷ್ಟು ಚಳಿ, ಇದ್ದ ಒಂದು ಬೆಳಿಗ್ಗೆ ಗಂಗಾ ಬಂದರು. ಬಾಗಲಕೋಟೆ ಕಡೆಯವರು, ನಲವತ್ತೊಂದು ವರ್ಷ, ವಾರೆನ್ ಎಂಬ ಊರಿನಲ್ಲಿ ಕಾರು ವಿನ್ಯಾಸದ ಎಂಜಿನಿಯರ್. ಬೆನ್ನುಹುರಿಗೆ ಪೆಟ್ಟಾದ ಮೇಲೆ ಆರು ವರ್ಷಗಳಿಂದ ಕೈಯಿಂದ ತಳ್ಳುವ ವೀಲ್‌ಚೇರ್ ಬಳಸುತ್ತಿದ್ದರು. ಅವರು ಚಾಚಿದ ಬಲ ಅಂಗೈ ಪೂರ್ತಿ ಹಳದಿಯಾಗಿತ್ತು. ನಡುವೆ ಒಂದು ಆಳವಾದ ಬಿರುಕು.

ನಡೆದದ್ದನ್ನು ಅವರೇ ವಿವರಿಸಿದರು. ಇಲ್ಲಿನ ಕನ್ನಡಿಗರ ಸಂಕ್ರಾಂತಿ ಕೂಟದಲ್ಲಿ ಎಳ್ಳುಬೆಲ್ಲ ಕೊಡುವಾಗ ಒಬ್ಬ ಆಂಟಿ, 'ಇದೇನಮ್ಮಾ, ಗಾರೆ ಕೆಲಸದವರ ಕೈ ಥರ ಆಗಿದೆ' ಅಂದರಂತೆ. ಮನೆಗೆ ಬಂದವರೇ ಗಂಗಾ, ಚಕ್ರ ತಳ್ಳಿ ತಳ್ಳಿ ಅಂಗೈಯಲ್ಲಿ ಗಟ್ಟಿಯಾಗಿದ್ದ ಜಡ್ಡನ್ನು ಬ್ಲೇಡಿನಿಂದ ನಯವಾಗುವವರೆಗೆ ಹೆರೆದಿದ್ದರು. ಮರುದಿನ, ತಳ್ಳಲು ಹಿಡಿಯುವ ಚಕ್ರದ ಹೊರಸುತ್ತಿನ ಹಿಡಿಬಳೆ ತಿಕ್ಕಿ ಎಳೆ ಚರ್ಮ ಸೀಳಿತು. ಹಿಮ ಕರಗಿಸಲು ರಸ್ತೆಗೆ ಸುರಿದ ಉಪ್ಪು ಹಿಡಿಬಳೆಗೆ ಮೆತ್ತಿಕೊಂಡಿದ್ದರಿಂದ ಉರಿ ಬೇರೆ. ಅದಕ್ಕೆ ಕೊಬ್ಬರಿ ಎಣ್ಣೆಯಲ್ಲಿ ಅರಿಸಿನ ಕಲಸಿ ಹಚ್ಚಿದರು. ಎಣ್ಣೆಗೆ ಕೈ ಜಾರಿತು, ಇನ್ನೂ ಬಿಗಿಯಾಗಿ ಹಿಡಿದರು, ಬಿರುಕು ಮತ್ತಷ್ಟು ಬಾಯಿಬಿಟ್ಟಿತು.

ಸೋಂಕು ತಗುಲಿದೆಯೇ ಎಂದು ತಿಳಿಯಲು ನಾವು ಮೊದಲು ನೋಡುವುದು ಕೆಂಪನ್ನು. ಅರಿಸಿನ ಅದನ್ನೇ ಮುಚ್ಚಿತ್ತು. ಎರಡು ಸಲ ಸೋಪು ಹಾಕಿ ತೊಳೆದರೂ ಬಣ್ಣ ಹೋಗಲಿಲ್ಲ. ಎರಡೂ ಅಂಗೈಗಳಿಗೆ ನನ್ನ ಬೆರಳ ಹಿಂಬದಿ ತಾಗಿಸಿ ನೋಡಿದೆ. ಬಲಗೈ ಬಿಸಿಯಾಗಿತ್ತು, ಸ್ವಲ್ಪ ಊದಿತ್ತು.

"ಇವತ್ತೇ ಡಾಕ್ಟರಿಗೆ ತೋರಿಸಬೇಕು. ವಾಸಿಯಾಗೋ ತನಕ ಚೇರ್ ತಳ್ಳೋ ಹಾಗಿಲ್ಲ," ಎಂದೆ.

"ಹನ್ನೊಂದು ದಿನಕ್ಕ ಡೆಮೊ ಐತ್ರಿ, ಮೇಡಂ."

ವ್ಯಾನಿಗೆ ಹತ್ತುವ ರ್‍ಯಾಂಪ್ ಒಂದನ್ನು ಗಂಗಾ ವಿನ್ಯಾಸ ಮಾಡಿದ್ದರು. ಅದನ್ನು ಮೇಲಿನವರ ಎದುರು ಹತ್ತಿ ತೋರಿಸಬೇಕಿತ್ತು. ಬೇಕಾದರೆ ಸಹೋದ್ಯೋಗಿಯೊಬ್ಬ ವೀಲ್‌ಚೇರಿನಲ್ಲಿ ಕೂತು ತೋರಿಸಲಿ ಎಂದು ಮ್ಯಾನೇಜರ್ ಹೇಳಿದ್ದರಂತೆ.

"ನಡ್ಯಾವ್ರು ಕುಂತು ತೋರಿಸಿದ್ರ ಅದು ನಾಟಕ ಆಗ್ತದ್ರಿ. ರ್‍ಯಾಂಪ್ ನಂದು, ನಾನೇ ಹತ್ತಬೇಕು."

ವೈದ್ಯರು ಆ್ಯಂಟಿಬಯೋಟಿಕ್ ಕೊಟ್ಟರು. ವಾರವಿಡೀ ಗಂಡ ಚೇರ್ ತಳ್ಳಿದರು. ಅಷ್ಟು ದಿನ ತನ್ನ ಚೇರಿನ 'ಸ್ಟಿಯರಿಂಗ್' ಗಂಡನ ಕೈಗೆ ಕೊಟ್ಟದ್ದೇ ದೊಡ್ಡ ಶಿಕ್ಷೆ ಎಂದು ಗಂಗಾ ಗೊಣಗಿದರು. ನಾನು ಕಲಿಸಿದ್ದು ಸರಳ: ಜಡ್ಡು ಇರಬೇಕು, ಆದರೆ ತೆಳ್ಳಗೆ, ಸಮನಾಗಿ. ಗಾಯ ಮಾಗಿದ ಮೇಲೆ, ಸ್ನಾನದ ನಂತರ ಮೆತ್ತಗಾದಾಗ ಉಜ್ಜುಗಲ್ಲಿನಿಂದ ಮೇಲ್ಪದರ ಮಾತ್ರ ತಿಕ್ಕುವುದು. ಕ್ರೀಮ್ ಮಲಗುವಾಗಷ್ಟೇ. ಹೊರಗೆ ಹೋದರೆ ಗ್ಲವ್ಸ್, ಒಳಗೆ ಬಂದೊಡನೆ ಹಿಡಿಬಳೆಯ ಉಪ್ಪು ಒರೆಸುವುದು.

ಎಂಟನೆಯ ದಿನ ಬಿರುಕು ಕೂಡಿತ್ತು. ಪ್ಯಾಡ್ ಇರುವ ಗ್ಲವ್ಸ್ ಹಾಕಿ ತಳ್ಳಬಹುದೆಂದು ವೈದ್ಯರು ಒಪ್ಪಿದರು. ಹನ್ನೊಂದನೆಯ ದಿನ ಮಧ್ಯಾಹ್ನ ಫೋನ್ ಬಂತು.

"ಎರಡು ಸಲ ಹತ್ತಿದೆ, ಎರಡು ಸಲ ಇಳಿದೆ. ಯಾರೂ ಕೈ ಹಚ್ಚಲಿಲ್ರಿ."

ಯುಗಾದಿ ಕೂಟದಲ್ಲಿ ನಾನೂ ಇದ್ದೆ. ಅದೇ ಆಂಟಿ ಬೇವುಬೆಲ್ಲ ಕೊಡಲು ಬಂದಾಗ ಗಂಗಾ ಅಂಗೈಯನ್ನು ಪೂರ್ತಿ ಬಿಡಿಸಿ ಚಾಚಿದರು. ಜಡ್ಡು ತನ್ನ ಜಾಗಕ್ಕೆ ಮರಳಿತ್ತು.

"ನೋಡ್ರಿ ಆಂಟಿ, ದಿನಾ ಎರಡು ಮೈಲಿ ಇದರ ಮ್ಯಾಲೇ ನಡೀತೀನಿ."

ಅಂದಿನಿಂದ, ವೀಲ್‌ಚೇರಿನಲ್ಲಿ ಬರುವ ಪ್ರತಿಯೊಬ್ಬರ ಅಂಗೈಯನ್ನೂ ಅಂಗಾಲು ನೋಡುವಂತೆ ನೋಡುತ್ತೇನೆ. ನಮ್ಮವರಾದರೆ ಅರಿಸಿನದ ಬಗ್ಗೆ ಮೊದಲೇ ಕೇಳುತ್ತೇನೆ.