ಮೂರು ಸಲ ಕೂಡಿಸಿದ ಪೇಪರು

ಈ ಸಲ ಪರೀಕ್ಷೆ ಪೇಪರುಗಳನ್ನು ಶಾಲೆಗಳ ನಡುವೆ ಅದಲುಬದಲು ಮಾಡಿಸಿದರು. ಕುರುಗೋಡಿನ ನನ್ನ ಕ್ಲಾಸಿನ ಮಕ್ಕಳ ಸಮಾಜ ವಿಜ್ಞಾನದ ಪೇಪರು ತಿದ್ದಿದವರು ಕೊಳಗಲ್ಲಿನ ಮೇಷ್ಟ್ರು. ಪೇಪರಿನ ಮೇಲೆ ಹೆಸರಿಲ್ಲ, ಬರೀ ನಂಬರು. ವಾಪಸು ಬಂದಾಗ ನಂಬರು ತಾಳೆ ಹಾಕಿ ನೋಡಿದರೆ, ಅಲೆಮಾರಿ ಓಣಿಯ ಅಂಜಿನಮ್ಮ ಎಲ್ಲರಿಗಿಂತ ಮುಂದೆ! ವರ್ಷವೆಲ್ಲ ನಾನು ಅಂತೂ ಇಂತೂ ಪಾಸು ಮಾಡಿದ ಹುಡುಗಿ. ತಡೆಯಲಾಗದೆ ಆ ಮೇಷ್ಟ್ರಿಗೆ ಫೋನ್ ಹಚ್ಚಿದೆ.

“ಸರ್, ಒಂದು ಪೇಪರಿನಾಗ ಏನೋ ತಪ್ಪಾಗೇತ್ರಿ.”

“ಉತ್ತರ ತಪ್ಪು ಅದಾವೇನ್ರಿ ಮೇಡಂ?”

“ಇಲ್ರಿ, ಉತ್ತರ ಎಲ್ಲಾ ಸರಿ ಅದಾವು.”

“ಮತ್ತೇನ್ ತಪ್ಪೈತ್ರಿ?”

ಫೋನ್ ಇಟ್ಟೆ. ಅಂಜಿನಮ್ಮನ ಅಂಕಗಳನ್ನು ಮೂರು ಸಲ ಕೂಡಿಸಿದೆ. ಮೂರು ಸಲವೂ ಅಷ್ಟೇ ಬಂತು. ಉಳಿದ ಮೂವತ್ತೊಂದು ಪೇಪರುಗಳ ಲೆಕ್ಕ ಸರಿಯಿತ್ತೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ. ಅವನ್ನು ಕೂಡಿಸಿ ನೋಡಬೇಕೆಂದು ನನಗೆ ಅನ್ನಿಸಲೇ ಇಲ್ಲ.