ಪಾಪಗೆ ಹಚ್ಚುವ ಹರಳೆಣ್ಣೆ

ಮೊಳಕಾಲ್ಮುರಿಗೆ ಬಂದ ಹೊಸತರಲ್ಲಿ ನನ್ನನ್ನು ಬೆಚ್ಚಿಬೀಳಿಸಿದ್ದು ಇಲ್ಲಿಯ ಬಿಸಿಲು. ಹಿಂಡಿ ಹರವಿದ ಬಟ್ಟೆ, ಒಳಗೆ ಹೋಗಿ ಚಹಾ ಕುಡಿದು ಬರುವಷ್ಟರಲ್ಲಿ ಗರಿಗರಿ. ನಮ್ಮ ಕುಮಟಾದಲ್ಲಿ ಮಳೆಗಾಲವಿಡೀ ಬಟ್ಟೆಗೆ ಮುಗ್ಗಲು ವಾಸನೆ. ಪೆಟ್ಟಿಗೆಯ ತಳದಲ್ಲಿಟ್ಟು ತಂದ ಪುಟ್ಟ ಫ್ರಾಕುಗಳಿಗೂ ಬೂಷ್ಟು ಹಿಡಿದಿತ್ತು. ಒಗೆದು ಹರವಿದೆ. ಅವನ್ನು ತೊಡುತ್ತಿದ್ದ ನನ್ನ ಮಗಳು ಹೋಗಿ ವರ್ಷವಾಗಿತ್ತು. ಇನ್ನೂ ಅಂಬೆಗಾಲಿಡುತ್ತಿದ್ದ ಕೂಸು, ಜ್ವರ ಒಂದು ನೆಪ.

ಗಂಡನಿಗೆ ಇಲ್ಲಿಗೆ ವರ್ಗವಾದಾಗ ನಾವಿಬ್ಬರೂ ಮಾತಾಡಿಕೊಂಡಿದ್ದೆವು, ಹೊಸ ಊರಲ್ಲಿ ಯಾರಿಗೂ ಹೇಳುವುದು ಬೇಡ ಅಂತ. ಊರಲ್ಲಿ ಸಮಾಧಾನ ಹೇಳಲು ಬಂದವರೆಲ್ಲ ‘ಯಾವ ಜನ್ಮದ ಪಾಪವೋ’ ಎಂದು ನಿಟ್ಟುಸಿರುಬಿಟ್ಟು ಹೋಗಿದ್ದರು. ಸಾಕಪ್ಪಾ ಸಾಕು ಅನ್ನಿಸಿತ್ತು.

ಉಳಿದದ್ದಕ್ಕೆಲ್ಲ ಗೊಣಗುತ್ತಲೇ ಹೊಂದಿಕೊಂಡೆ. ಅಲ್ಲಿ ತಲೆಗೂ ಒಗ್ಗರಣೆಗೂ ಕೊಬ್ಬರಿ ಎಣ್ಣೆ. ಇಲ್ಲಿ ಶೇಂಗಾ ಎಣ್ಣೆ, ಚಳ್ಳಕೆರೆಯಲ್ಲಿ ಬಸ್ಸಿಳಿದರೆ ಗಾಳಿಗೂ ಅದೇ ವಾಸನೆ. ಅಲ್ಲಿ ಕುಚ್ಚಲಕ್ಕಿ ಗಂಜಿ. ಇಲ್ಲಿ ನವಣೆ ಅನ್ನ. ಹಕ್ಕಿಗೆ ಹಾಕುವ ಕಾಳು ಎಂದು ಮೂಗು ಮುರಿದವಳಿಗೆ ಈಗ ಅದಿಲ್ಲದಿದ್ದರೆ ಊಟ ಸೇರುವುದಿಲ್ಲ.

ಪಕ್ಕದ ಮನೆಯ ಓಬಮ್ಮ ಹರಳು ಹುರಿದು, ಕುಟ್ಟಿ, ಕುದಿಸಿ ಮನೆಯಲ್ಲೇ ಎಣ್ಣೆ ತೆಗೆಯುವ ಹಿರಿಯ ಹೆಂಗಸು. ಸೀಗೆಪುಡಿ, ಹೆಸರುಹಿಟ್ಟು ಕೂಡ ಅವರಲ್ಲೇ ಸಿಗುತ್ತದೆ. ಮನೆಮಾತು ತೆಲುಗು. ಫ್ರಾಕು ಹರವಿದ ದಿನ ಸಣ್ಣ ಬಾಟಲಿ ಹಿಡಿದು ಬಾಗಿಲಿಗೆ ಬಂದರು.

“ಪಾಪ ಎಲ್ಲಮ್ಮ? ಒಳಗೇ ಇಟ್ಕಂಡಿದೀಯಾ?”

ಇವಳಿಗೆ ಯಾರು ಹೇಳಿದರು? ಆ ಪಾಪ ಇಲ್ಲಿಗೂ ಬೆನ್ನು ಹತ್ತಿ ಬಂತಲ್ಲ! ಬಾಗಿಲು ಹಾಕಿಕೊಂಡೆ. ಅಂದಿನಿಂದ ಬಚ್ಚಲಲ್ಲಿ ನೀರು ಬೀಳುವ ಸದ್ದಿನೊಳಗೆ ಕೂಸು ಅಳುವುದು ಕೇಳಿಸತೊಡಗಿತು. ನಲ್ಲಿ ನಿಲ್ಲಿಸಿದರೆ ಇಲ್ಲ, ಬಿಟ್ಟರೆ ಮತ್ತೆ. ಹೆದರಿಕೆಯಾಗುತ್ತಿತ್ತು. ಆದರೂ ಕೇಳಬೇಕೆಂದೇ ಎಷ್ಟೋ ಸಲ ನಲ್ಲಿ ಬಿಟ್ಟಿದ್ದೇನೆ.

ಒಂದು ದಿನ ಚಳ್ಳಕೆರೆಯಿಂದ ಬರುವಾಗ ಬಸ್ಸಿನಲ್ಲಿ ಹೆಂಗಸೊಬ್ಬಳು, ಸೀಟು ಹಿಡಿದು ತಟ್ಟಾಡುತ್ತಿದ್ದ ತನ್ನ ಕೂಸನ್ನು “ಪಾಪ, ಇಟು ರಾ” ಎಂದು ಕರೆದಳು. ಹಾಗಂದರೇನು ಎಂದು ಕೇಳಿದೆ. ತೆಲುಗಲ್ಲಿ ಹೆಣ್ಣುಮಗುವಿಗೆ ಪಾಪ ಅಂತೀವಿ, ಇತ್ತ ಬಾ ಅಂತ ಕರೆದೆ ಎಂದಳು. ಅಯ್ಯೋ ದೇವರೇ! ನಮ್ಮ ಕಡೆ ಮಗುವೆಂದರೆ ಕೂಸು, ಪಾಪ ಎಂದರೆ ಪಾಪವೇ. ಓಬಮ್ಮ ಫ್ರಾಕು ನೋಡಿ ಕೂಸಿಗೆಂದು ಎಣ್ಣೆ ತಂದಿದ್ದರು.

ಬಸ್ಸಿಳಿದು ನೇರ ಅವರ ಮನೆಗೆ ಹೋದೆ. ಗಂಡನ ಜೊತೆ ಆಡಿಕೊಂಡ ಮಾತು ನೆನಪಿತ್ತು, ಆದರೂ ಬಾಯಿಬಿಟ್ಟೆ.

“ಪಾಪ ಇಲ್ಲ ಅವ್ವ. ಇದ್ದಳು.”

ಓಬಮ್ಮ ನಿಟ್ಟುಸಿರುಬಿಡಲಿಲ್ಲ. ನನ್ನನ್ನು ಮಣೆಯ ಮೇಲೆ ಕೂರಿಸಿ, ನೆತ್ತಿಗೆ ಹರಳೆಣ್ಣೆ ತಟ್ಟುತ್ತಾ, ಹೆಸರೇನಿಟ್ಟಿದ್ದೆ ಎಂದು ಕೇಳಿದರು. ತಾರಾ ಎಂದೆ. ಹಲ್ಲು ಬಂದಿದ್ದವಾ ಎಂದರು. ಕೆಳಗೆ ಎರಡು ಬಂದಿದ್ದವು ಎಂದು ಹೇಳಿ, ಅತ್ತುಬಿಟ್ಟೆ. ಅವರು ಎಣ್ಣೆ ತಟ್ಟುವುದನ್ನು ನಿಲ್ಲಿಸಲಿಲ್ಲ.

ಮೊನ್ನೆ ಕುಮಟಾಕ್ಕೆ ಹೋಗಿದ್ದೆ. ಹೆತ್ತ ಆಯಿ ಧಾರಾಳ ಕಾಯಿ ಹಾಕಿ ಬಂಗಡೆ ಸಾರು ಮಾಡಿದ್ದಳು, ಹೊಟ್ಟೆತುಂಬ ಉಂಡೆ. ಯಾರೂ ಮಗಳ ಹೆಸರೆತ್ತಲಿಲ್ಲ. ನಾನೆತ್ತಿದರೆ ಮಾತು ತೇಲಿಸಿದರು. ಅವಳನ್ನು ಮಣ್ಣು ಮಾಡಿದಲ್ಲಿಗೆ ಒಬ್ಬಳೇ ಹೋಗಿ ಕೂತು ಬಂದೆ. ನಿನ್ನ ಊರು ಯಾವುದು ಎಂದರೆ ಈಗ ತಡವರಿಸುತ್ತೇನೆ. ಮಗಳಿರುವುದು ಅಲ್ಲಿ, ಅವಳನ್ನು ವಿಚಾರಿಸುವವರು ಇರುವುದು ಇಲ್ಲಿ.

ವಾಪಸು ಬಂದು ಬ್ಯಾಗು ಕೆಳಗಿಡುವ ಮೊದಲೇ ಓಬಮ್ಮ ಕೇಳಿದರು:

“ತಾರಾನ್ನ ಮಾತಾಡಿಸ್ಕಂಡು ಬಂದ್ಯಾ?”